ವ್ಯಸನಮುಕ್ತಿಯ ಮಾತ್ರೆ ನೋವಿಗೆ ಮದ್ದೇ? ‘ಆಫ್-ಲೇಬಲ್’ ಚಿಕಿತ್ಸೆಯ ಒಳಹೊರಗು

ವರ್ಷಗಟ್ಟಲೆ ಬಿಡದೆ ಕಾಡುವ ಮೈಕೈ ನೋವಿಗೆಂದು ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಮನೆಗೆ ತಂದು, ಪೊಟ್ಟಣದೊಳಗೆ ಮಡಚಿಟ್ಟ ಕಾಗದವನ್ನು ಬಿಡಿಸಿ ಓದಿದಾಗ ಕೆಲವರಿಗೆ ಗಾಬರಿಯಾಗುವುದುಂಟು. ಅದರಲ್ಲಿ ತಮ್ಮ ನೋವಿನ ಪ್ರಸ್ತಾಪವೇ ಇರುವುದಿಲ್ಲ. ಒಂದು ಕಾಗದ ಖಿನ್ನತೆ ಎನ್ನುತ್ತದೆ, ಇನ್ನೊಂದು ಅಪಸ್ಮಾರ ಎನ್ನುತ್ತದೆ, ಮತ್ತೊಂದು ಮದ್ಯ ಹಾಗೂ ಮಾದಕ ವ್ಯಸನ ಎನ್ನುತ್ತದೆ. ಕೆಲವರು ಮಾತ್ರೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ ವರ್ತನೆ. ವಿದೇಶದಲ್ಲಿರುವ ನೆಂಟರಿಗೆ ಗುಣವಾಯಿತೆಂದು ಕೇಳಿ, ಅದೇ ಮಾತ್ರೆಯನ್ನು ಹುಡುಕಿಕೊಂಡು ಔಷಧಿ ಅಂಗಡಿಗಳಿಗೆ ಅಲೆಯುತ್ತಾರೆ.

ಎರಡೂ ವರ್ತನೆಗಳಿಗೆ ಕಾರಣ ಒಂದೇ: ‘ಆಫ್-ಲೇಬಲ್’ ಬಳಕೆ ಎಂದರೇನು ಎಂಬುದರ ಬಗೆಗಿನ ಅಸ್ಪಷ್ಟತೆ. ಅದು ಮೋಸವೂ ಅಲ್ಲ, ಪವಾಡವೂ ಅಲ್ಲ. ಕಳೆದ ಒಂದೂವರೆ ದಶಕದಲ್ಲಿ ಜಗತ್ತಿನಾದ್ಯಂತ ದೀರ್ಘಕಾಲದ ನೋವಿನ ರೋಗಿಗಳ ನಡುವೆ ಹೆಚ್ಚು ಚರ್ಚೆಗೆ ಬಂದಿರುವ ‘ಅಲ್ಪಪ್ರಮಾಣದ ನಾಲ್ಟ್ರೆಕ್ಸೋನ್’ ಎಂಬ ಔಷಧವನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಆಫ್-ಲೇಬಲ್ ಎಂದರೇನು?

ಯಾವುದೇ ಔಷಧ ಮಾರುಕಟ್ಟೆಗೆ ಬರುವ ಮುನ್ನ ಅದನ್ನು ಯಾವ ಕಾಯಿಲೆಗೆ, ಯಾವ ವಯಸ್ಸಿನವರಿಗೆ, ಎಷ್ಟು ಪ್ರಮಾಣದಲ್ಲಿ, ಯಾವ ಮಾರ್ಗದಲ್ಲಿ ಕೊಡಬೇಕೆಂಬುದನ್ನು ಸರ್ಕಾರದ ಔಷಧ ನಿಯಂತ್ರಕರು ಅನುಮೋದಿಸುತ್ತಾರೆ. ಈ ವಿವರವೇ ಔಷಧದ ‘ಲೇಬಲ್’. ಅದರಲ್ಲಿಲ್ಲದ ಕಾಯಿಲೆಗೆ, ವಯಸ್ಸಿಗೆ ಅಥವಾ ಪ್ರಮಾಣದಲ್ಲಿ ವೈದ್ಯರು ಅದೇ ಔಷಧವನ್ನು ಬರೆದುಕೊಟ್ಟರೆ ಅದು ಆಫ್-ಲೇಬಲ್ ಬಳಕೆ ಎನಿಸುತ್ತದೆ.

ಇದು ಅಪರೂಪದ ಸಂಗತಿಯೇನಲ್ಲ. ಅಮೆರಿಕದಲ್ಲಿ 2001ರ ಅಂಕಿಅಂಶಗಳನ್ನು ಆಧರಿಸಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ಔಷಧಗಳ ಚೀಟಿಗಳಲ್ಲಿ ಸುಮಾರು ಶೇ 21ರಷ್ಟು ಆಫ್-ಲೇಬಲ್ ಆಗಿದ್ದವು. ಆದರೆ ಅದೇ ಅಧ್ಯಯನದ ಇನ್ನೊಂದು ಅಂಶ ಹೆಚ್ಚು ಗಮನಾರ್ಹ. ಈ ಶೇ 21ರ ಪೈಕಿ ಸುಮಾರು ಶೇ 73ಕ್ಕೆ ವೈಜ್ಞಾನಿಕ ಆಧಾರ ತೀರಾ ಕಡಿಮೆ ಇತ್ತು ಅಥವಾ ಇರಲೇ ಇಲ್ಲ.

ಲೇಬಲ್ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಮೈತುಂಬ ನೋವು, ಆಯಾಸ, ನಿದ್ರಾಹೀನತೆ ಮತ್ತು ಮರೆವು ಒಟ್ಟಾಗಿ ಕಾಡುವ ಫೈಬ್ರೊಮಯಾಲ್ಜಿಯಾ ಎಂಬ ಕಾಯಿಲೆಗೆ ಪ್ರಿಗ್ಯಾಬಲಿನ್ ಔಷಧವನ್ನು ಬಳಸಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2007ರಲ್ಲಿ ಅನುಮತಿ ನೀಡಿತು. ಡುಲೊಕ್ಸೆಟಿನ್ ಔಷಧಕ್ಕೆ 2008ರಲ್ಲಿ, ಮಿಲ್ನಾಸಿಪ್ರಾನ್‌ಗೆ 2009ರಲ್ಲಿ ಅನುಮತಿ ದೊರೆಯಿತು. ಯುರೋಪಿನ ಔಷಧ ಸಂಸ್ಥೆಯಾದರೋ ಈ ಮೂರನ್ನೂ ಅದೇ ಕಾಯಿಲೆಗೆ ಅನುಮೋದಿಸಲು ನಿರಾಕರಿಸಿತು. ಮಾತ್ರೆ ಅದೇ, ಕಾಯಿಲೆಯೂ ಅದೇ. ಸಾಗರದ ಆಚೆ ಅದು ಅನುಮೋದಿತ ಚಿಕಿತ್ಸೆ, ಈಚೆ ಆಫ್-ಲೇಬಲ್.

ನೋವಿನ ಚಿಕಿತ್ಸೆಯಲ್ಲಿ ಇದರ ಪರಂಪರೆ

ನರಸಂಬಂಧಿ ನೋವಿನ ಚಿಕಿತ್ಸೆಯಂತೂ ಬೇರೆ ಕಾಯಿಲೆಗಳಿಂದ ಎರವಲು ತಂದ ಔಷಧಗಳ ಮೇಲೆಯೇ ನಿಂತಿದೆ. ಮುಖದ ಒಂದು ಪಾರ್ಶ್ವದಲ್ಲಿ ಮಿಂಚು ಹೊಡೆದಂತೆ ಬರುವ ಟ್ರೈಜೆಮಿನಲ್ ನರಶೂಲೆಗೆ ಇಂದಿಗೂ ಮೊದಲು ನೆನಪಾಗುವ ಕಾರ್ಬಮಜೆಪಿನ್ ಔಷಧವನ್ನು ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿಯ ವಿಜ್ಞಾನಿ ವಾಲ್ಟರ್ ಶಿಂಡ್ಲರ್ 1953ರಲ್ಲಿ ತಯಾರಿಸಿದರು. ಅಪಸ್ಮಾರದ ಔಷಧವಾಗಿ ಪರಿಚಿತವಾದ ಅದು ಮುಖದ ನೋವಿಗೂ ಉಪಯುಕ್ತವೆಂಬುದು 1960ರ ದಶಕದ ಆರಂಭದಲ್ಲಿ ಸ್ವೀಡನ್ನಿನಲ್ಲಿ ಕಂಡುಬಂತು.

ಅಮಿಟ್ರಿಪ್ಟಿಲಿನ್‌ನ ಕಥೆಯೂ ಇಂಥದ್ದೇ. 1961ರಲ್ಲಿ ಅಮೆರಿಕದಲ್ಲಿ ಖಿನ್ನತೆಯ ಔಷಧವಾಗಿ ಅನುಮತಿ ಪಡೆದ ಈ ಮಾತ್ರೆಯನ್ನು, ಖಿನ್ನತೆಗೆ ಬೇಕಾಗುವುದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ, ರಾತ್ರಿ ಮಲಗುವ ಮುನ್ನ 10 ಅಥವಾ 25 ಮಿಲಿಗ್ರಾಂನಷ್ಟು, ನರದ ನೋವಿಗೆ ಕೊಡುವುದು ನಮ್ಮ ಊರುಗಳಲ್ಲೂ ಸಾಮಾನ್ಯ. ಬ್ರಿಟನ್ನಿನ ‘ನೈಸ್’ ಸಂಸ್ಥೆಯ 2013ರ ಮಾರ್ಗಸೂಚಿ ಇದನ್ನು ನರದ ನೋವಿಗೆ ಮೊದಲ ಆಯ್ಕೆಗಳಲ್ಲಿ ಒಂದೆಂದು ಹೆಸರಿಸಿತು. ಆದುದರಿಂದ ವೈದ್ಯರು ‘ಖಿನ್ನತೆಯ ಮಾತ್ರೆ’ ಬರೆದುಕೊಟ್ಟರೆಂದ ಮಾತ್ರಕ್ಕೆ ನೋವು ಬರೀ ಮನಸ್ಸಿನ ಭ್ರಮೆ ಎಂದು ಅವರು ಭಾವಿಸಿದ್ದಾರೆಂದು ರೋಗಿ ನೊಂದುಕೊಳ್ಳಬೇಕಾಗಿಲ್ಲ.

ಪರಂಪರೆಗೆ ಕಪ್ಪು ಮಗ್ಗುಲೂ ಇದೆ. ಗ್ಯಾಬಪೆಂಟಿನ್ ಔಷಧ 1993ರಲ್ಲಿ ಅಮೆರಿಕದಲ್ಲಿ ಅಪಸ್ಮಾರಕ್ಕೆ ಮಾತ್ರ ಅನುಮತಿ ಪಡೆದಿತ್ತು. ಅದರ ತಯಾರಕರು ಬಗೆಬಗೆಯ ನೋವು ಮತ್ತು ಮಾನಸಿಕ ಕಾಯಿಲೆಗಳಿಗೂ ಅದನ್ನು ಬರೆಯುವಂತೆ ವೈದ್ಯರಲ್ಲಿ ಪ್ರಚಾರ ನಡೆಸಿದರು. ಕಂಪನಿಯ ಉದ್ಯೋಗಿಯಾಗಿದ್ದ ಡೇವಿಡ್ ಫ್ರಾಂಕ್ಲಿನ್ ಈ ವಿಷಯವನ್ನು ಬಯಲಿಗೆಳೆದರು. 2004ರಲ್ಲಿ ವಾರ್ನರ್-ಲ್ಯಾಂಬರ್ಟ್ ಸಂಸ್ಥೆ ತಪ್ಪೊಪ್ಪಿಕೊಂಡು, ಪ್ರಕರಣದ ಇತ್ಯರ್ಥಕ್ಕಾಗಿ 43 ಕೋಟಿ ಡಾಲರ್ ತೆರಲು ಸಮ್ಮತಿಸಿತು. ಈ ನಡುವೆ, ಸರ್ಪಸುತ್ತಿನ ನಂತರ ಉಳಿಯುವ ನರದ ನೋವಿಗೆ ಅದೇ ಔಷಧ ಪ್ರಯೋಜನಕಾರಿ ಎಂಬುದು ಸಾಬೀತಾಗಿ, 2002ರಲ್ಲಿ ಅದಕ್ಕೆ ಅಧಿಕೃತ ಅನುಮತಿಯೂ ಸಿಕ್ಕಿತ್ತು. ಒಂದೇ ಔಷಧದ ಒಂದು ಆಫ್-ಲೇಬಲ್ ಬಳಕೆ ಮುಂದೆ ನಿಜವಾಯಿತು, ಇನ್ನುಳಿದ ಕೆಲವು ಬರಿಯ ವ್ಯಾಪಾರವಾಗಿದ್ದವು. ಯಾವುದು ಯಾವುದೆಂದು ಮಾತ್ರೆ ನುಂಗುವ ರೋಗಿಗೆ ಆಗ ತಿಳಿಯುವ ದಾರಿ ಇರಲಿಲ್ಲ.

ನಾಲ್ಟ್ರೆಕ್ಸೋನ್ ನೋವಿನತ್ತ ಬಂದ ದಾರಿ

ನಾಲ್ಟ್ರೆಕ್ಸೋನ್ 1960ರ ದಶಕದಲ್ಲಿ ಅಮೆರಿಕದ ಎಂಡೊ ಪ್ರಯೋಗಾಲಯದಲ್ಲಿ ಸಿದ್ಧವಾದ ರಾಸಾಯನಿಕ. ಅಫೀಮು, ಹೆರಾಯಿನ್, ಮಾರ್ಫಿನ್‌ಗಳು ಮಿದುಳಿನಲ್ಲಿ ಹೋಗಿ ಕೂರುವ ‘ಗ್ರಾಹಿ’ಗಳನ್ನು ತಾನೇ ಆಕ್ರಮಿಸಿಕೊಂಡು, ಅವುಗಳ ಅಮಲು ಏರದಂತೆ ತಡೆಯುವುದು ಇದರ ಗುಣ. ಅಫೀಮು ವರ್ಗದ ವ್ಯಸನಕ್ಕೆ 1984ರಲ್ಲಿ, ಮದ್ಯವ್ಯಸನಕ್ಕೆ 1994ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಸಾಮಾನ್ಯ ಪ್ರಮಾಣ ದಿನಕ್ಕೆ 50 ಮಿಲಿಗ್ರಾಂ. ಭಾರತದಲ್ಲಿಯೂ ವ್ಯಸನಮುಕ್ತಿ ಚಿಕಿತ್ಸೆಯಲ್ಲಿ ಇದೇ 50 ಮಿಲಿಗ್ರಾಂ ಮಾತ್ರೆ ಬಳಕೆಯಲ್ಲಿದೆ.

ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಇಯಾನ್ ಜಾಗನ್ ಮತ್ತು ಪೆಟ್ರಿಷಿಯಾ ಮೆಕ್ಲಾಫ್ಲಿನ್ 1980ರ ದಶಕದ ಆರಂಭದಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ವಿಚಿತ್ರವೊಂದು ಕಂಡಿತು. ನಾಲ್ಟ್ರೆಕ್ಸೋನ್‌ನ ಹೆಚ್ಚಿನ ಪ್ರಮಾಣ ಒಂದು ಪರಿಣಾಮ ಬೀರಿದರೆ, ಅಲ್ಪಪ್ರಮಾಣ ಅದಕ್ಕೆ ವಿರುದ್ಧವಾದ ಪರಿಣಾಮ ಬೀರುತ್ತಿತ್ತು. ಅದೇ ದಶಕದಲ್ಲಿ ನ್ಯೂಯಾರ್ಕಿನ ವೈದ್ಯ ಬರ್ನಾರ್ಡ್ ಬಿಹಾರಿ, ಏಡ್ಸ್ ರೋಗಿಗಳಿಗೆ ಮೂರು ಮಿಲಿಗ್ರಾಂ ಆಸುಪಾಸಿನ ಪ್ರಮಾಣವನ್ನು ಕೊಟ್ಟು ನೋಡಿದರು. ಬಳಿಕ ಇತರ ರೋಗಗಳಿಗೂ ಅದನ್ನು ವಿಸ್ತರಿಸಿದರು. ಹೀಗೆ ಹುಟ್ಟಿಕೊಂಡ ‘ಅಲ್ಪಪ್ರಮಾಣದ ನಾಲ್ಟ್ರೆಕ್ಸೋನ್’ ಚಿಕಿತ್ಸೆಯಲ್ಲಿ ಈಗ ಸಾಮಾನ್ಯವಾಗಿ ದಿನಕ್ಕೆ 1.5ರಿಂದ 4.5 ಮಿಲಿಗ್ರಾಂ ಕೊಡಲಾಗುತ್ತದೆ. ಅಂದರೆ ಮೂಲ ಪ್ರಮಾಣದ ಹತ್ತರಲ್ಲೊಂದು ಭಾಗಕ್ಕಿಂತಲೂ ಕಡಿಮೆ.

ಹೇಗೆ ಕೆಲಸ ಮಾಡುತ್ತದೆ?

ಈ ಕುರಿತು ಎರಡು ವಾದಗಳಿವೆ. ನೋವನ್ನು ತಣಿಸಲು ನಮ್ಮ ದೇಹ ತಾನೇ ತಯಾರಿಸಿಕೊಳ್ಳುವ ಎಂಡಾರ್ಫಿನ್ ಎಂಬ ವಸ್ತುವಿದೆ. ಅಲ್ಪಪ್ರಮಾಣದ ನಾಲ್ಟ್ರೆಕ್ಸೋನ್ ಗ್ರಾಹಿಗಳನ್ನು ಕೆಲವೇ ಗಂಟೆಗಳ ಕಾಲ ಮುಚ್ಚುತ್ತದೆ, ಕೊರತೆಯನ್ನು ತುಂಬಿಕೊಳ್ಳಲು ದೇಹ ಹೆಚ್ಚು ಎಂಡಾರ್ಫಿನ್ ಉತ್ಪಾದಿಸುತ್ತದೆ, ತೆರೆ ಸರಿದ ಮೇಲೆ ಅದರ ಲಾಭ ರೋಗಿಗೆ ದೊರೆಯುತ್ತದೆ ಎಂಬುದು ಮೊದಲ ವಾದ.

ಎರಡನೆಯದು ಮಿದುಳು ಮತ್ತು ಬೆನ್ನುಹುರಿಯಲ್ಲಿರುವ ಮೈಕ್ರೊಗ್ಲಿಯಾ ಎಂಬ ಕಾವಲು ಜೀವಕೋಶಗಳಿಗೆ ಸಂಬಂಧಿಸಿದ್ದು. ಇವು ಕೆರಳಿದಾಗ ಉರಿಯೂತ ಉಂಟುಮಾಡುವ ರಾಸಾಯನಿಕಗಳನ್ನು ಸ್ರವಿಸುತ್ತವೆ. ಅದರಿಂದ ನೋವು, ಆಯಾಸ, ಮಂಕು ಹೆಚ್ಚುತ್ತವೆ. ನಾಲ್ಟ್ರೆಕ್ಸೋನ್ ಈ ಕೋಶಗಳ ಮೇಲಿನ ‘ಟಿಎಲ್‌ಆರ್-4’ ಎಂಬ ಇನ್ನೊಂದು ಗ್ರಾಹಿಯನ್ನು ತಡೆದು ಅವನ್ನು ಶಾಂತಗೊಳಿಸುತ್ತದೆ ಎನ್ನಲಾಗುತ್ತದೆ. ಎರಡೂ ವಾದಗಳಿಗೆ ಪ್ರಯೋಗಾಲಯದ ಆಧಾರಗಳಿವೆ. ಆದರೆ ಔಷಧ ಕೆಲಸ ಮಾಡಬಹುದಾದ ಬಗೆಯನ್ನು ವಿವರಿಸುವುದು ಬೇರೆ, ಅದು ರೋಗಿಯಲ್ಲಿ ಕೆಲಸ ಮಾಡುತ್ತದೆಂದು ತೋರಿಸುವುದು ಬೇರೆ.

ಅಧ್ಯಯನಗಳು ಹೇಳಿದ್ದೇನು?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜ್ಯಾರೆಡ್ ಯಂಗರ್ ಮತ್ತು ಸಂಗಡಿಗರು 2009ರಲ್ಲಿ ಫೈಬ್ರೊಮಯಾಲ್ಜಿಯಾ ಇದ್ದ 10 ಮಹಿಳೆಯರ ಮೇಲೆ ನಡೆಸಿದ ಪ್ರಾಥಮಿಕ ಅಧ್ಯಯನವನ್ನು ಪ್ರಕಟಿಸಿದರು. 4.5 ಮಿಲಿಗ್ರಾಂ ಔಷಧ ರೋಗಲಕ್ಷಣಗಳನ್ನು ಶೇ 30ಕ್ಕಿಂತ ಹೆಚ್ಚು ತಗ್ಗಿಸಿತ್ತು. 2013ರಲ್ಲಿ ಇದೇ ತಂಡ 31 ಮಹಿಳೆಯರ ಮೇಲಿನ ಇನ್ನಷ್ಟು ಬಿಗಿಯಾದ ಅಧ್ಯಯನವನ್ನು ಹೊರತಂದಿತು. ಇದರಲ್ಲಿ ಯಾರಿಗೆ ಯಾವಾಗ ನಿಜವಾದ ಔಷಧ, ಯಾವಾಗ ಔಷಧವಿಲ್ಲದ ಹುಸಿಮಾತ್ರೆ ಎಂಬುದು ರೋಗಿಗಳಿಗೂ ಸಂಶೋಧಕರಿಗೂ ತಿಳಿದಿರಲಿಲ್ಲ. ಔಷಧ ಸೇವಿಸಿದಾಗ ನೋವು ಶೇ 28.8ರಷ್ಟು ತಗ್ಗಿದರೆ, ಹುಸಿಮಾತ್ರೆ ಸೇವಿಸಿದಾಗಲೂ ಶೇ 18ರಷ್ಟು ತಗ್ಗಿತ್ತು.

ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು. ಮಾತ್ರೆಯಿಂದ ನೋವು ಕಡಿಮೆಯಾಯಿತೆಂದು ರೋಗಿಯೊಬ್ಬರು ಹೇಳುವಾಗ ಅವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಆ ಸುಧಾರಣೆಯ ದೊಡ್ಡ ಪಾಲು ಔಷಧದ್ದೇ ಆಗಿರಬೇಕೆಂದೂ ಇಲ್ಲ.

ಡೆನ್ಮಾರ್ಕಿನಲ್ಲಿ ನಡೆದು 2024ರಲ್ಲಿ ‘ಲ್ಯಾನ್ಸೆಟ್ ರುಮಟಾಲಜಿ’ ಪತ್ರಿಕೆಯಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಉತ್ಸಾಹಕ್ಕೆ ಕಡಿವಾಣ ಹಾಕಿತು. ಫೈಬ್ರೊಮಯಾಲ್ಜಿಯಾ ಇದ್ದ 99 ಮಹಿಳೆಯರು ಇದರಲ್ಲಿ ಪಾಲ್ಗೊಂಡಿದ್ದರು. ಔಷಧದ ಗುಂಪಿಗೆ ದಿನಕ್ಕೆ 6 ಮಿಲಿಗ್ರಾಂ ನಾಲ್ಟ್ರೆಕ್ಸೋನ್ ನಿಗದಿಪಡಿಸಲಾಗಿತ್ತು. 12 ವಾರಗಳ ಕೊನೆಯಲ್ಲಿ ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಔಷಧ ಪಡೆದವರ ನೋವು ಸರಾಸರಿ 1.3 ಅಂಕ, ಹುಸಿಮಾತ್ರೆ ಪಡೆದವರ ನೋವು 0.9 ಅಂಕ ತಗ್ಗಿತ್ತು. ಈ ವ್ಯತ್ಯಾಸ ಆಕಸ್ಮಿಕವಲ್ಲವೆಂದು ಹೇಳುವಷ್ಟು ದೊಡ್ಡದಾಗಿರಲಿಲ್ಲ. ನೆನಪಿನ ತೊಂದರೆಗಳಲ್ಲಿ ಸುಧಾರಣೆಯಾಗಿರಬಹುದೆಂಬ ಸೂಚನೆ ದೊರೆತಿದ್ದರೂ ಅದನ್ನು ಮುಂದಿನ ಅಧ್ಯಯನಗಳು ದೃಢಪಡಿಸಬೇಕಿದೆ.

ನರಮಂಡಲದ ಕಾಯಿಲೆಯಾದ ಮಲ್ಟಿಪಲ್ ಸ್ಕ್ಲಿರೋಸಿಸ್ ರೋಗಿಗಳ ಮೇಲೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬ್ರೂಸ್ ಕ್ರೀ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. 80 ಮಂದಿ ಪಾಲ್ಗೊಂಡು 60 ಮಂದಿ ಪೂರ್ಣಗೊಳಿಸಿದ ಅದರಲ್ಲಿ ಮಾನಸಿಕ ನೆಮ್ಮದಿಗೆ ಸಂಬಂಧಿಸಿದ ಅಳತೆಗಳು ಸುಧಾರಿಸಿದ್ದವು. ದೈಹಿಕ ಸ್ಥಿತಿಗೆ ಸಂಬಂಧಿಸಿದ ಅಳತೆಗಳಲ್ಲಿ ಅಂಥ ಸುಧಾರಣೆ ಕಾಣಲಿಲ್ಲ.

ಸಾರಾಂಶ ಇಷ್ಟು: ಈ ಔಷಧ ನಿಷ್ಪ್ರಯೋಜಕವೆಂದು ಸಾಬೀತಾಗಿಲ್ಲ, ಪ್ರಯೋಜನಕಾರಿ ಎಂದೂ ಸಾಬೀತಾಗಿಲ್ಲ. ಕೆಲವರಿಗೆ ಅನುಕೂಲವಾಗಬಹುದು. ಆದರೆ ಆ ಕೆಲವರು ಯಾರೆಂದು ಮೊದಲೇ ಹೇಳುವ ಪರೀಕ್ಷೆ ಇಲ್ಲ. ಪೇಟೆಂಟ್ ಅವಧಿ ಎಂದೋ ಮುಗಿದ ಅಗ್ಗದ ಔಷಧವಾದ್ದರಿಂದ ಸಾವಿರಾರು ರೋಗಿಗಳ ಮೇಲಿನ ದುಬಾರಿ ಅಧ್ಯಯನಕ್ಕೆ ಹಣ ಹೂಡಲು ಔಷಧ ಕಂಪನಿಗಳಿಗೆ ಲಾಭದ ಆಕರ್ಷಣೆಯೂ ಇಲ್ಲ.

ನಾರ್ವೆಯ ಪಾಠ

ನಾರ್ವೆಯಲ್ಲಿ 2013ರಲ್ಲಿ ದೂರದರ್ಶನ ವಾಹಿನಿಯೊಂದು ಈ ಔಷಧದ ಕುರಿತು ಸಾಕ್ಷ್ಯಚಿತ್ರ ಪ್ರಸಾರ ಮಾಡಿತು. ಕೆಲವೇ ತಿಂಗಳುಗಳಲ್ಲಿ ಸಾವಿರಾರು ಮಂದಿ ಅದನ್ನು ಬಳಸತೊಡಗಿದರು. ಆ ದೇಶದಲ್ಲಿ ವಿತರಣೆಯಾಗುವ ಪ್ರತಿ ಔಷಧ ಚೀಟಿಯೂ ರಾಷ್ಟ್ರೀಯ ದಾಖಲೆಗೆ ಸೇರುವುದರಿಂದ ಸಂಶೋಧಕರಿಗೆ ಅಪರೂಪದ ಅವಕಾಶ ಒದಗಿತು. ಔಷಧ ನಿಜಕ್ಕೂ ರೋಗವನ್ನು ತಗ್ಗಿಸಿದ್ದರೆ ರೋಗಿಗಳು ಕೊಳ್ಳುವ ಇತರ ಔಷಧಗಳು ಕಡಿಮೆಯಾಗಬೇಕಲ್ಲವೇ? ಮಲ್ಟಿಪಲ್ ಸ್ಕ್ಲಿರೋಸಿಸ್ ರೋಗಿಗಳ ದಾಖಲೆಗಳನ್ನು ಹೀಗೆ ಪರಿಶೀಲಿಸಿದಾಗ, ಆ ರೋಗದ ಔಷಧಗಳ ಬಳಕೆಯಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಂಡುಬರಲಿಲ್ಲ. ಮಾಧ್ಯಮದ ಮೂಲಕ ಹಬ್ಬುವ ಭರವಸೆ ಅಧ್ಯಯನಗಳಿಗಿಂತ ಎಷ್ಟು ವೇಗವಾಗಿ ಓಡುತ್ತದೆ ಎಂಬುದಕ್ಕೆ ಇದು ನಿದರ್ಶನ.

ಅಪಾಯ ಎಲ್ಲಿದೆ?

ಅಲ್ಪಪ್ರಮಾಣದಲ್ಲಿ ಕಂಡುಬಂದಿರುವ ಅಡ್ಡಪರಿಣಾಮಗಳು ಬಹುಪಾಲು ಸೌಮ್ಯವಾದವು: ಕಣ್ಣಿಗೆ ಕಟ್ಟುವಂಥ ಕನಸುಗಳು, ನಿದ್ರೆ ಕೆಡುವುದು, ತಲೆನೋವು, ವಾಕರಿಕೆ. ಇದು ವ್ಯಸನ ಹುಟ್ಟಿಸುವ ಔಷಧವೂ ಅಲ್ಲ. ಆದರೂ ಒಂದು ಅಪಾಯವನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ದೀರ್ಘಕಾಲದ ನೋವಿನ ರೋಗಿಗಳಲ್ಲಿ ಅನೇಕರು ಈಗಾಗಲೇ ಟ್ರಾಮಡಾಲ್ ಸೇವಿಸುತ್ತಿರುತ್ತಾರೆ. ಪ್ಯಾರಸಿಟಮಾಲ್ ಜೊತೆ ಸೇರಿಸಿದ ಮಾತ್ರೆಯ ರೂಪದಲ್ಲಿ ಅದು ಬರುವುದರಿಂದ ತಾವು ಅಫೀಮು ವರ್ಗದ ಔಷಧ ಸೇವಿಸುತ್ತಿದ್ದೇವೆಂಬುದೇ ಹಲವರಿಗೆ ತಿಳಿದಿರುವುದಿಲ್ಲ. ಭಾರತ ಸರ್ಕಾರ 2018ರ ಏಪ್ರಿಲ್‌ನಲ್ಲಿ ಟ್ರಾಮಡಾಲ್ ಅನ್ನು ಮಾದಕವಸ್ತು ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ತಂದಿತು. ಇಂಥವರು ನಾಲ್ಟ್ರೆಕ್ಸೋನ್ ನುಂಗಿದರೆ ಗ್ರಾಹಿಗಳ ಮೇಲಿದ್ದ ಔಷಧ ಒಮ್ಮೆಲೇ ಹೊರದೂಡಲ್ಪಟ್ಟು, ನೋವು ಕೆರಳುವುದರ ಜೊತೆಗೆ ಬೆವರು, ನಡುಕ, ವಾಂತಿ, ಭೇದಿ, ತೀವ್ರ ತಳಮಳ ಕಾಣಿಸಿಕೊಳ್ಳಬಹುದು. ಮಾರ್ಫಿನ್, ಫೆಂಟನಿಲ್ ಪಟ್ಟಿ, ಬ್ಯುಪ್ರೆನಾರ್ಫಿನ್ ಬಳಸುವವರಿಗೆ ಅಪಾಯ ಇನ್ನೂ ಹೆಚ್ಚು. ಕೊಡೀನ್ ಇರುವ ಕೆಮ್ಮಿನ ಔಷಧಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಎರಡನೆಯ ಸಂದರ್ಭ ಅಪಘಾತ ಮತ್ತು ಶಸ್ತ್ರಚಿಕಿತ್ಸೆ. ನಾಲ್ಟ್ರೆಕ್ಸೋನ್ ಸೇವಿಸುತ್ತಿರುವವರಿಗೆ ಆಸ್ಪತ್ರೆಯಲ್ಲಿ ಕೊಡುವ ಮಾರ್ಫಿನ್ ಜಾತಿಯ ನೋವುನಿವಾರಕ ನಿರೀಕ್ಷೆಯಂತೆ ಕೆಲಸ ಮಾಡದಿರಬಹುದು. ಯೋಜಿತ ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ತಜ್ಞರಿಗೆ ಈ ವಿಷಯ ತಿಳಿಸಲೇಬೇಕು. ಔಷಧದ ಹೆಸರು, ಪ್ರಮಾಣ ಬರೆದ ಚೀಟಿಯೊಂದನ್ನು ಪರ್ಸಿನಲ್ಲಿ ಇಟ್ಟುಕೊಳ್ಳುವುದು ಮತ್ತು ಮನೆಯವರಿಗೆ ಹೇಳಿರುವುದು ಒಳ್ಳೆಯದು. ವ್ಯಸನದ ಮಾತ್ರೆ ಎಂಬ ಸಂಕೋಚದಿಂದ ಮನೆಯವರಿಂದಲೇ ಮುಚ್ಚಿಡುವುದು ಇಲ್ಲಿ ಜೀವಕ್ಕೆ ತೊಡಕಾದೀತು. ತೀವ್ರ ಯಕೃತ್ತಿನ ಕಾಯಿಲೆ ಇರುವವರು, ಗರ್ಭಿಣಿಯರು ಹಾಗೂ ಹಾಲೂಡಿಸುವ ತಾಯಂದಿರು ತಜ್ಞರೊಂದಿಗೆ ಚರ್ಚಿಸದೆ ಇದರ ಗೊಡವೆಗೆ ಹೋಗಬಾರದು.

ಮೂರನೆಯದು ಪ್ರಮಾಣದ ತೊಡಕು. 50 ಮಿಲಿಗ್ರಾಂ ಮಾತ್ರೆಯನ್ನು ಮನೆಯಲ್ಲಿ ಬ್ಲೇಡಿನಿಂದ ಕತ್ತರಿಸಿ 3 ಮಿಲಿಗ್ರಾಂ ಪಡೆಯುವುದು ಸಾಧ್ಯವಿಲ್ಲ. ಚೂರಿನಿಂದ ಚೂರಿಗೆ ಪ್ರಮಾಣ ಹಲವು ಪಟ್ಟು ಏರುಪೇರಾಗುತ್ತದೆ. ಅಲ್ಪಪ್ರಮಾಣವನ್ನು ಅಳೆದು ಸಿದ್ಧಪಡಿಸಿಕೊಡಬಲ್ಲ ಅಧಿಕೃತ ಔಷಧ ತಯಾರಕರ ಮೂಲಕವೇ ಇದನ್ನು ಪಡೆಯಬೇಕು.

ಭಾರತದಲ್ಲಿ ಕಾನೂನು ಏನೆನ್ನುತ್ತದೆ?

ಭಾರತದಲ್ಲಿ ಔಷಧಗಳ ಅನುಮೋದನೆ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯ್ದೆ ಹಾಗೂ ಅದರಡಿಯ ನಿಯಮಗಳಿಗೆ ಒಳಪಟ್ಟಿದೆ. ಈಗಾಗಲೇ ಅನುಮತಿ ಪಡೆದ ಔಷಧವನ್ನು ಹೊಸ ಕಾಯಿಲೆಗೆ ಅಥವಾ ಹೊಸ ಪ್ರಮಾಣದಲ್ಲಿ ಮಾರಲು ಕಂಪನಿ ಬಯಸಿದರೆ, 2019ರ ಹೊಸ ಔಷಧ ಮತ್ತು ವೈದ್ಯಕೀಯ ಪ್ರಯೋಗಗಳ ನಿಯಮಗಳ ಪ್ರಕಾರ ಅದು ‘ಹೊಸ ಔಷಧ’ವೆಂದೇ ಪರಿಗಣಿತವಾಗಿ ಮತ್ತೆ ಅನುಮತಿ ಪಡೆಯಬೇಕಾಗುತ್ತದೆ. ಈ ಕಟ್ಟು ಇರುವುದು ತಯಾರಕರಿಗೆ. ವೈದ್ಯರು ತಮ್ಮ ವಿವೇಚನೆಯ ಮೇರೆಗೆ ಆಫ್-ಲೇಬಲ್ ಔಷಧ ಬರೆಯುವುದನ್ನು ವಿವರವಾಗಿ ನಿಯಂತ್ರಿಸುವ ಪ್ರತ್ಯೇಕ ಕಾಯ್ದೆ ಇಲ್ಲ.

ಹಾಗೆಂದು ಸರ್ಕಾರ ಎಂದೂ ಮಧ್ಯಪ್ರವೇಶ ಮಾಡಿಲ್ಲವೆಂದಲ್ಲ. ಸ್ತನ ಕ್ಯಾನ್ಸರಿನ ಔಷಧವಾದ ಲೆಟ್ರೋಜೋಲ್ ಅನ್ನು ಬಂಜೆತನದ ಚಿಕಿತ್ಸೆಗೆ ಬಳಸುವುದನ್ನು 2011ರಲ್ಲಿ ನಿಷೇಧಿಸಲಾಯಿತು. 2017ರಲ್ಲಿ ಆ ನಿಷೇಧವನ್ನು ಹಿಂದಕ್ಕೆ ಪಡೆಯಲಾಯಿತು.

ರೋಗಿಯ ಪಾಲಿಗೆ ಹೆಚ್ಚು ಮುಖ್ಯವಾದದ್ದು ಸಮ್ಮತಿಯ ಪ್ರಶ್ನೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ನೀಡಿದ ತೀರ್ಪಿನ ಪ್ರಕಾರ, ಚಿಕಿತ್ಸೆಯ ಸ್ವರೂಪ, ಅದರಿಂದಾಗುವ ಲಾಭ, ಗಣನೀಯ ಅಪಾಯಗಳು ಹಾಗೂ ಪರ್ಯಾಯಗಳನ್ನು ತಿಳಿಸಿ ರೋಗಿಯ ಸಮ್ಮತಿ ಪಡೆಯಬೇಕು. ಆದ್ದರಿಂದ ‘ಈ ಮಾತ್ರೆಗೆ ನನ್ನ ಕಾಯಿಲೆಯ ವಿಷಯದಲ್ಲಿ ಅನುಮತಿ ಇದೆಯೇ?’ ಎಂದು ಕೇಳುವುದು ಅಧಿಕಪ್ರಸಂಗವಲ್ಲ, ಹಕ್ಕು.

ಮಾತ್ರೆಗೆ ಮುನ್ನ ಕಾರಣದ ಶೋಧ

ಕೈಕಾಲು ಜೋಮು, ಪಾದದ ಉರಿ, ಸೂಜಿ ಚುಚ್ಚಿದ ಅನುಭವ, ಮರೆವು ಮುಂತಾದ ಲಕ್ಷಣಗಳ ಹಿಂದೆ ನೇರ ಚಿಕಿತ್ಸೆ ಇರುವ ಕಾರಣಗಳು ಅಡಗಿರಬಹುದು. ಸಸ್ಯಾಹಾರಿಗಳಲ್ಲಿಯೂ ಬಹುಕಾಲ ಮೆಟ್‌ಫಾರ್ಮಿನ್ ಸೇವಿಸುವ ಮಧುಮೇಹಿಗಳಲ್ಲಿಯೂ ವಿಟಮಿನ್ ಬಿ-12 ಕೊರತೆ ಸಾಮಾನ್ಯ. ಥೈರಾಯ್ಡ್ ಗ್ರಂಥಿಯ ನ್ಯೂನತೆ ಮೈಕೈ ನೋವು, ಮಂಕು ತರಬಲ್ಲದು. ಮಧುಮೇಹ ಪಾದದ ನರಗಳನ್ನು ಕೆಡಿಸಬಲ್ಲದು. ಸ್ಪರ್ಶಜ್ಞಾನವಿಲ್ಲದ ಮಚ್ಚೆಯ ಜೊತೆ ಜೋಮು ಇದ್ದರೆ ಕುಷ್ಠರೋಗದ ಪರೀಕ್ಷೆ ಅಗತ್ಯ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಅದಕ್ಕೆ ಉಚಿತ ಚಿಕಿತ್ಸೆ ಇದೆ. ಇವನ್ನು ಪರೀಕ್ಷಿಸದೆ ನೇರವಾಗಿ ಆಫ್-ಲೇಬಲ್ ಮಾತ್ರೆಗೆ ಕೈ ಹಾಕುವುದು, ಸೋರುವ ನಲ್ಲಿ ನಿಲ್ಲಿಸದೆ ನೆಲ ಒರೆಸಿದಂತೆ.

ಹಠಾತ್ತನೆ ಕೈಕಾಲಿನ ಬಲ ಕುಂದುವುದು, ಮುಖ ವಾರೆಯಾಗುವುದು, ಮಾತು ತೊದಲುವುದು, ಮಲಮೂತ್ರದ ಹಿಡಿತ ತಪ್ಪುವುದು, ಜ್ವರ ಅಥವಾ ತೂಕ ಇಳಿಕೆಯೊಂದಿಗೆ ಬೆನ್ನುನೋವು ಕಾಣಿಸುವುದು, ಇವು ಯಾವ ಮಾತ್ರೆಯನ್ನೂ ಪ್ರಯೋಗಿಸಿ ನೋಡುವ ಸಮಯಗಳಲ್ಲ. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಪ್ರಯೋಗವೆಂದರೆ ಪ್ರಯೋಗದಂತೆಯೇ ಇರಲಿ

ಕಾರಣಗಳ ಶೋಧ ಮುಗಿದು, ಅನುಮೋದಿತ ಔಷಧ, ವ್ಯಾಯಾಮ, ಫಿಸಿಯೋಥೆರಪಿಗಳಿಂದ ಸಾಕಷ್ಟು ಫಲ ಸಿಗದೆ, ವೈದ್ಯರು ಮತ್ತು ರೋಗಿ ಇಬ್ಬರೂ ಒಪ್ಪಿ ಆಫ್-ಲೇಬಲ್ ಔಷಧವನ್ನು ಪ್ರಯತ್ನಿಸುವುದಾದರೆ ಒಂದು ಮಾತನ್ನು ಮರೆಯಬಾರದು. ಅನುಮೋದಿತ ಔಷಧದಲ್ಲಿ ಪುರಾವೆಯ ಹೊಣೆಯನ್ನು ಕಂಪನಿ ಮತ್ತು ಸರ್ಕಾರ ಮುಂಚಿತವಾಗಿ ಹೊತ್ತಿರುತ್ತವೆ. ಆಫ್-ಲೇಬಲ್ ಬಳಕೆಯಲ್ಲಿ ಆ ಹೊಣೆಯ ಬಹುಪಾಲು ಚೀಟಿ ಬರೆಯುವವರ ಮತ್ತು ಮಾತ್ರೆ ನುಂಗುವವರ ಹೆಗಲಿಗೆ ಬರುತ್ತದೆ.

ನೋವು ಸಮುದ್ರದ ಅಲೆಯಂತೆ ಏರಿಳಿಯುತ್ತದೆ. ಅದು ತೀರಾ ಏರಿದಾಗಲೇ ಜನ ಹೊಸ ಔಷಧ ಹುಡುಕುವುದು. ಏರಿದ್ದು ಇಳಿಯಲೇಬೇಕು. ಇಳಿದಾಗ ಹೆಸರು ಬರುವುದು ಹೊಸ ಮಾತ್ರೆಗೆ. ಈ ಭ್ರಮೆಯಿಂದ ಪಾರಾಗಲು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಗಾರ್ಡನ್ ಗಯಾಟ್ ಮತ್ತು ಸಂಗಡಿಗರು 1986ರಲ್ಲಿ ‘ಒಬ್ಬನೇ ರೋಗಿಯ ಪ್ರಯೋಗ’ ಎಂಬ ವಿಧಾನವನ್ನು ಮುಂದಿಟ್ಟರು. ಒಬ್ಬ ರೋಗಿಗೇ ಸರದಿಯಂತೆ ಔಷಧ ಮತ್ತು ಹುಸಿಮಾತ್ರೆ ಕೊಟ್ಟು ಹೋಲಿಸುವ ಕ್ರಮವಿದು. ಸಾಮಾನ್ಯ ಕ್ಲಿನಿಕ್‌ನಲ್ಲಿ ಅಷ್ಟು ಸಾಧ್ಯವಾಗದಿದ್ದರೂ ಅದರ ತಿರುಳನ್ನು ಅಳವಡಿಸಿಕೊಳ್ಳಬಹುದು:

* ಔಷಧ ಆರಂಭಿಸುವ ಮುನ್ನ ಎರಡು ವಾರ ದಿನಚರಿ ಬರೆಯಿರಿ. ಪ್ರತಿದಿನ ಒಂದೇ ಹೊತ್ತಿನಲ್ಲಿ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ. ನಿದ್ರೆಯ ಗಂಟೆಗಳನ್ನೂ ಬರೆದಿಡಿ.

* ಅಂಕದ ಜೊತೆ ಬದುಕಿನ ಒಂದು ಗುರಿ ಇರಲಿ. ಮಾರುಕಟ್ಟೆಗೆ ನಡೆದು ಹೋಗಿಬರುವುದು, ಅರ್ಧ ಗಂಟೆ ನಿಂತು ಅಡುಗೆ ಮಾಡುವುದು, ಬಸ್ಸಿನಲ್ಲಿ ಕಚೇರಿ ತಲುಪುವುದು, ಹೀಗೆ ಅಳೆಯಬಹುದಾದ ಯಾವುದಾದರೂ ಸರಿ.

* ಒಂದು ಸಲಕ್ಕೆ ಒಂದೇ ಬದಲಾವಣೆ. ಹೊಸ ಮಾತ್ರೆ, ಹೊಸ ಪಥ್ಯ, ಹೊಸ ಯೋಗಾಸನ ಒಟ್ಟಿಗೆ ಶುರು ಮಾಡಿದರೆ ಫಲ ಯಾವುದರದೆಂದು ತಿಳಿಯುವುದಿಲ್ಲ.

* ಮುಗಿಯುವ ದಿನಾಂಕವನ್ನು ಮೊದಲೇ ವೈದ್ಯರೊಂದಿಗೆ ಗೊತ್ತುಮಾಡಿಕೊಳ್ಳಿ. ಡೆನ್ಮಾರ್ಕಿನ ಅಧ್ಯಯನ 12 ವಾರಗಳದ್ದಾಗಿತ್ತೆಂಬುದು ಒಂದು ಅಂದಾಜು ಕೊಡುತ್ತದೆ.

* ಸಾಮಾನ್ಯವಾಗಿ ನೋವಿನ ಅಂಕ ಎರಡರಷ್ಟು ಅಥವಾ ಶೇ 30ರಷ್ಟು ತಗ್ಗಿದರೆ ಅದನ್ನು ಅರ್ಥಪೂರ್ಣ ಸುಧಾರಣೆ ಎನ್ನಲಾಗುತ್ತದೆ. ಅಷ್ಟಿಲ್ಲದಿದ್ದರೆ ಮಾತ್ರೆ ಮುಂದುವರಿಸಲು ಕಾರಣವಿಲ್ಲ.

* ಸುಧಾರಣೆ ಕಂಡರೂ ವೈದ್ಯರ ಒಪ್ಪಿಗೆಯಿಂದ ಕೆಲಕಾಲ ನಿಲ್ಲಿಸಿ ನೋಡಿ. ನೋವು ಮರಳಿತೇ? ಮತ್ತೆ ಆರಂಭಿಸಿದಾಗ ತಗ್ಗಿತೇ? ಉತ್ತರ ಅಲ್ಲಿದೆ. ಆದರೆ ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್, ಡುಲೊಕ್ಸೆಟಿನ್, ಅಮಿಟ್ರಿಪ್ಟಿಲಿನ್‌ಗಳನ್ನು ಹೀಗೆ ದಿಢೀರನೆ ನಿಲ್ಲಿಸಬಾರದು, ಹಂತಹಂತವಾಗಿ ಇಳಿಸಬೇಕು.

* ಈಗಾಗಲೇ ನಡೆಯುತ್ತಿರುವ ಚಿಕಿತ್ಸೆಯನ್ನು ಹೊಸ ಮಾತ್ರೆಯ ನಂಬಿಕೆಯಲ್ಲಿ ಬಿಡಬೇಡಿ. ಮಲ್ಟಿಪಲ್ ಸ್ಕ್ಲಿರೋಸಿಸ್‌ನಂಥ ಕಾಯಿಲೆಯಲ್ಲಿ ಹಾಗೆ ಬಿಟ್ಟರೆ ಆಗುವ ಹಾನಿ ಮರಳಿ ಸರಿಯಾಗದಿರಬಹುದು.

ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆಗಳು ಐದು. ಈ ಔಷಧಕ್ಕೆ ನನ್ನ ಕಾಯಿಲೆಗೆಂದು ಅನುಮತಿ ಇದೆಯೇ? ಇಲ್ಲದಿದ್ದರೆ ಇದನ್ನೇ ಏಕೆ ಆರಿಸಿದಿರಿ? ನಾನು ಈಗ ಸೇವಿಸುತ್ತಿರುವ ಮಾತ್ರೆಗಳೊಂದಿಗೆ ಇದು ಹೊಂದುತ್ತದೆಯೇ? ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು? ಎಷ್ಟು ದಿನಗಳ ಬಳಿಕ ನಾವು ಕುಳಿತು ತೀರ್ಮಾನಿಸೋಣ? ಈ ಪ್ರಶ್ನೆಗಳಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ, ಸಿರಪ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗುವುದು ಮೇಲು. ಹೆಸರು ಮರೆತು ಹೋದ ಒಂದು ಟ್ರಾಮಡಾಲ್ ಪಟ್ಟಿ ಅದರಲ್ಲಿ ಸಿಗಬಹುದು.

ವರ್ಷಗಟ್ಟಲೆ ನೋವುಂಡವರು ಹೊಸ ದಾರಿ ಹುಡುಕುವುದು ತಪ್ಪಲ್ಲ. ಇಂದು ಅನುಮೋದಿತವಾಗಿರುವ ಕೆಲವು ಔಷಧಗಳು ಹೀಗೆಯೇ ಹುಡುಕುತ್ತ ಸಿಕ್ಕವು. ಆದರೆ ಕೊನೆಯ ದಿನಾಂಕವಿಲ್ಲದ, ಅಳತೆಯಿಲ್ಲದ ಪ್ರಯೋಗ ಪ್ರಯೋಗವಲ್ಲ. ಅದು ಪ್ರತಿ ತಿಂಗಳು ಔಷಧಿ ಅಂಗಡಿಯಲ್ಲಿ ತೆರುವ ಇನ್ನೊಂದು ಖರ್ಚು ಮಾತ್ರ. ಹನ್ನೆರಡು ವಾರಗಳ ದಿನಚರಿಯ ಪುಟಗಳು ‘ಇದರಿಂದ ಪ್ರಯೋಜನವಿಲ್ಲ’ ಎಂದು ಹೇಳಿದರೂ ಅದು ಸೋಲಲ್ಲ. ಮುಂದಿನ ದಾರಿ ಯಾವುದಲ್ಲ ಎಂಬುದು ರೋಗಿಗೂ ವೈದ್ಯರಿಗೂ ಆಗ ಖಚಿತವಾಗಿ ಗೊತ್ತಿರುತ್ತದೆ.